ಒಲೆಯ ಮೇಲಿನ ಸೀಸ

ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತಾಮ್ರಕ್ಕೆ 1,085. ಸೀಸಕ್ಕೆ 327 ಸಾಕು. ಕುಲುಮೆ ಬೇಡ, ತಿದಿ ಬೇಡ. ಮೂರು ಕಲ್ಲಿನ ಒಲೆ, ಹಳೆಯ ಕಬ್ಬಿಣದ ಬಾಣಲೆ, ಒಂದು ಸೌಟು, ಒಂದು ಅಚ್ಚು ಇದ್ದರೆ ಯಾರು ಬೇಕಾದರೂ ಸೀಸದ ಎರಕ ಹೊಯ್ಯಬಹುದು. ಕೋವಿಯ ಗುಂಡನ್ನು ಮನೆಯಲ್ಲೇ ಮಾಡಿಕೊಳ್ಳುವ ರೂಢಿ ಜಗತ್ತಿನ ಎಷ್ಟೋ ಕಡೆ ಬೆಳೆದದ್ದು ಈ ಸುಲಭದಿಂದಲೇ. ಅಮೆರಿಕದಲ್ಲಿ ಇವತ್ತಿಗೂ ಅದೊಂದು ಹವ್ಯಾಸ. ನಮ್ಮ ಕಾಡಂಚಿನ ಊರುಗಳಲ್ಲಿ ಅದು ಕದ್ದುಮುಚ್ಚಿ ನಡೆಯುವ ಕೆಲಸ.

ಈ ಕೆಲಸದ ಬಗ್ಗೆ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಆ ಗುಂಡು ಯಾರ ಮೇಲೆ ಹಾರಿತು? ಆನೆಯ ಮೇಲೋ, ಹಂದಿಯ ಮೇಲೋ, ಮನುಷ್ಯನ ಮೇಲೋ? ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೂ ಮೊದಲು ಇನ್ನೊಂದನ್ನು ಕೇಳಬೇಕಿತ್ತು. ಕೋವಿಯ ಬಾಯಿಗೆ ಹೋಗುವ ಮುನ್ನವೇ ಆ ಸೀಸ ಕರಗಿದ ಮನೆಯಲ್ಲಿ ಏನು ಮಾಡಿತು? ಯಾರಿಗೂ ಗುರಿಯಿಡದ ಗುಂಡು ಕೂಡ ಎರಕ ಹೊಯ್ದವನ ಮಗುವನ್ನು ತಾಕಬಲ್ಲದು. ಸೀಸವನ್ನು ಮನೆಯಲ್ಲಿ ಕರಗಿಸಬಾರದು. ಅದರಿಂದ ಗುಂಡು ಮಾಡಿದರೂ ಅಷ್ಟೆ, ಬಲೆಯ ಭಾರ ಮಾಡಿದರೂ ಅಷ್ಟೆ, ಗುಜರಿಗೆ ಗಟ್ಟಿ ಮಾಡಿ ಮಾರಿದರೂ ಅಷ್ಟೆ. ಸೀಸದಿಂದ ಏನು ಮಾಡಿದೆ ಎಂದು ಕೇಳುವ ಕಾನೂನು ನಮ್ಮಲ್ಲಿದೆ. ಸೀಸ ನಿನಗೇನು ಮಾಡಿತು ಎಂದು ಕೇಳುವ ವ್ಯವಸ್ಥೆ ಇಲ್ಲ. ಈ ಕೊರತೆಯನ್ನು ತುಂಬಬೇಕೆಂಬುದು ನನ್ನ ವಾದ.

ಇದನ್ನು ಅರಿಯಲು ಹೊಸೂರಿನ ಮೂಕಂಡಪಲ್ಲಿಗಿಂತ ಒಳ್ಳೆಯ ಜಾಗ ಸಿಗಲಾರದು. ಬೆಂಗಳೂರಿನಿಂದ ಅತ್ತಿಬೆಲೆಯ ಗಡಿ ದಾಟಿ ಹೆದ್ದಾರಿಯಲ್ಲಿ ತಮಿಳುನಾಡಿಗೆ ಬಂದರೆ ಜೂಜುವಾಡಿ, ಮೂಕಂಡಪಲ್ಲಿ, ಅದರ ಆಜುಬಾಜು ಸಿಪ್ಕಾಟ್ ಕೈಗಾರಿಕಾ ಪ್ರದೇಶ. ಒಂದು ಕಾಲಕ್ಕೆ ರಾಗಿ ಹೊಲಗಳ ನಡುವಿನ ಹಳ್ಳಿ, ಈಗ ಹೊಸೂರು ಮಹಾನಗರದ ಭಾಗ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕಾರ್ಖಾನೆಗಳ ಜೊತೆಗೆ ಹಿಂದಿ, ಒಡಿಯಾ ಮಾತಾಡುವವರೂ ಬಂದಿದ್ದಾರೆ. ಈ ಕೈಗಾರಿಕಾ ನಗರದಿಂದ ದಕ್ಷಿಣಕ್ಕೆ ಹೊರಟರೆ ತಳಿ, ಜವಳಗಿರಿ, ದೆಂಕಣಿಕೋಟೆ, ಅಂಚೆಟ್ಟಿ. ಅಲ್ಲಿಂದ ಕಾವೇರಿ ದಂಡೆಯವರೆಗೆ ಕಾಡು. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಣೆಯಾದ ಪ್ರದೇಶ ಇದೇ. ಹೊಸೂರಿನ ಬಳಿ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಳ್ಳಿ ಜಲಾಶಯ, ಇನ್ನೂ ಕೆಳಗೆ ಕೃಷ್ಣಗಿರಿ ಅಣೆಕಟ್ಟು, ಅಲ್ಲಿ ಬಲೆ ಬೀಸಿ ಬದುಕುವ ಕುಟುಂಬಗಳು. ಸೀಸ ಬೇಕಾದವರು ಈ ಮೂರೂ ಕಡೆ ಇದ್ದಾರೆ. ಕಾಡಂಚಿನಲ್ಲಿ ಅದು ಗುಂಡು, ನೀರಂಚಿನಲ್ಲಿ ಬಲೆಯನ್ನು ಮುಳುಗಿಸುವ ಭಾರ, ನಗರದಂಚಿನಲ್ಲಿ ಹಳೆಯ ಬ್ಯಾಟರಿಯ ತಟ್ಟೆ.

ಗುಂಡಿನ ವಿಷಯಕ್ಕೆ ಮೊದಲು ಬರೋಣ. ಈ ಸೀಮೆಗೆ ಸೀಸದ ಗುಂಡು ಹೊಸದಲ್ಲ. ಹೊಸೂರು, ರಾಯಕೋಟೆ, ಕೃಷ್ಣಗಿರಿ ಕೋಟೆಗಳಿಗಾಗಿ ಹೈದರ್, ಟಿಪ್ಪು ಮತ್ತು ಇಂಗ್ಲಿಷರು ದಶಕಗಟ್ಟಲೆ ಕಾದಾಡಿದರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕೃಷ್ಣಗಿರಿ ಸುತ್ತಿನ ಬಾರಾಮಹಲ್ ಸೀಮೆ ಇಂಗ್ಲಿಷರ ಕೈಸೇರಿತು. ಸಿಪಾಯಿಗಳು ಹೋದರು, ಕೋವಿ ಉಳಿಯಿತು. ಬಾಯಿಯಿಂದ ಮದ್ದು ತುಂಬಿ, ಗಜದಿಂದ ಗಟ್ಟಿಸಿ, ಗುಂಡೋ ಚರೆಯೋ ಹಾಕಿ ಹಾರಿಸುವ ನಾಡಕೋವಿ ಇಲ್ಲೂ ಇದೆ, ನಮ್ಮ ಮಲೆನಾಡಿನಲ್ಲೂ ಇದೆ. ಪೇಟೆಯಲ್ಲಿ ಅದಕ್ಕೆ ಹೇಳಿಮಾಡಿಸಿದ ಗುಂಡು ಸಿಗದ ಕಾಲದಲ್ಲಿ, ಸಿಗದ ಜಾಗದಲ್ಲಿ, ಸೀಸ ಕರಗಿಸಿ ಮನೆಯಲ್ಲೇ ಮಾಡಿಕೊಳ್ಳುವುದು ವಾಡಿಕೆಯಾಯಿತು.

ಕಾನೂನು ಈ ವಾಡಿಕೆಯನ್ನು ಒಪ್ಪುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಎಂದರೆ ಸಿದ್ಧ ತೋಟಾ ಮಾತ್ರವಲ್ಲ. ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ಕಾಯ್ದೆಯ 5ನೇ ಸೆಕ್ಷನ್ ಲೈಸೆನ್ಸಿಲ್ಲದ ತಯಾರಿಕೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೋವಿ ಇಟ್ಟುಕೊಳ್ಳುವ ಅನುಮತಿ ಒಂದು, ಮದ್ದುಗುಂಡು ತಯಾರಿಸುವ ಅನುಮತಿ ಇನ್ನೊಂದು. ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆಯಲ್ಲಿ ಪೊಲೀಸರೂ ಅರಣ್ಯ ಇಲಾಖೆಯವರೂ ಅಕ್ರಮ ನಾಡಕೋವಿಗಳನ್ನು ತಾವಾಗಿ ತಂದೊಪ್ಪಿಸಿ ಎಂದು ಕಾಡಂಚಿನ ಹಳ್ಳಿಗಳಿಗೆ ಕರೆ ಕೊಟ್ಟಿದ್ದಾರೆ, ಜನ ತಂದೊಪ್ಪಿಸಿದ್ದೂ ಇದೆ. ಇದು ಒಳ್ಳೆಯ ದಾರಿ. ಆದರೆ ಕೋವಿ ಠಾಣೆಗೆ ಹೋದ ಮೇಲೂ ಬಾಣಲೆ ಮನೆಯಲ್ಲೇ ಉಳಿಯುತ್ತದೆ. ಸೀಸ ಕರಗಿಸಿದಾಗ ಅಂಗಳಕ್ಕೆ ಬಿದ್ದ ಕಿಟ್ಟವೂ ಉಳಿಯುತ್ತದೆ.

ಆ ಬಾಣಲೆಯಲ್ಲಿ ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು, ಯಾಕೆಂದರೆ ಅರೆತಿಳಿವಳಿಕೆ ಇಲ್ಲಿ ಎರಡೂ ಕಡೆ ಮೋಸ ಮಾಡುತ್ತದೆ. ಸೀಸ ಕರಗಿದ ಕೂಡಲೇ ವಿಷದ ಹೊಗೆ ಏಳುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗೇನಿಲ್ಲ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ಕರಗುವ ಕಾವಿನ ಆಸುಪಾಸಿನಲ್ಲಿ ಅದರಿಂದ ಏಳುವ ಆವಿ ತೀರಾ ಕಡಿಮೆ. ಹೊಗೆ ಕಾಣಲಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದುಕೊಳ್ಳುವವರೂ ಇದ್ದಾರೆ. ಅವರದು ಇನ್ನೂ ದೊಡ್ಡ ತಪ್ಪು. ಸೌದೆ ಒಲೆಗೆ ಕಾವಿನ ಅಳತೆ ಇರುವುದಿಲ್ಲ; ಉರಿ ಜೋರಾಗಿ ಕಾವು ಐನೂರು ಡಿಗ್ರಿ ದಾಟಿದರೆ ಸೀಸದ ಆವಿ ಗಣನೀಯವಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಆಕ್ಸೈಡ್ ಕಣಗಳಾಗಿ ಗಾಳಿಗೆ ಸೇರುತ್ತದೆ.

ಹೊಗೆಗಿಂತಲೂ ದೊಡ್ಡ ವೈರಿ ಧೂಳು. ಕರಗಿದ ಸೀಸದ ಮೇಲೆ ಬೂದಿಬಣ್ಣದ ಕೆನೆ ಕಟ್ಟುತ್ತದೆ. ಅದು ಸೀಸದ ಆಕ್ಸೈಡ್ ಬೆರೆತ ಕಿಟ್ಟ. ಅಚ್ಚಿಗೆ ಹೊಯ್ಯುವ ಮೊದಲು ಅದನ್ನು ಸೌಟಿನಿಂದ ಬಳಿದು ಪಕ್ಕಕ್ಕೆ ಚೆಲ್ಲುತ್ತಾರೆ. ಆರಿದ ಮೇಲೆ ಅದು ಪುಡಿಯಾಗುತ್ತದೆ. ಕಸಬರಿಕೆಯಿಂದ ಗುಡಿಸಿದರೆ ಗಾಳಿಗೆ ಏಳುತ್ತದೆ. ಅಂಗಳದ ಮಣ್ಣಿಗೆ, ಕೋಳಿಯ ಕಾಲಿಗೆ, ಒಣಹಾಕಿದ ಬಟ್ಟೆಗೆ, ಎರಕ ಹೊಯ್ದವನ ಲುಂಗಿಗೆ, ಅವನ ಕೂದಲಿಗೆ ಅಂಟುತ್ತದೆ. ಆ ಮೇಲೆ ಅವನು ಮಗುವನ್ನು ಎತ್ತಿಕೊಳ್ಳುತ್ತಾನೆ. ಬ್ಯಾಟರಿಯ ಸೀಸವಂತೂ ಇನ್ನೂ ಕೆಟ್ಟದ್ದು. ಅದು ಶುದ್ಧ ಲೋಹವಲ್ಲ. ತಟ್ಟೆಗಳಿಗೆ ಸೀಸದ ಆಕ್ಸೈಡ್ ಮತ್ತು ಸಲ್ಫೇಟಿನ ಮೆತ್ತೆ ಹಚ್ಚಿರುತ್ತದೆ, ಗಂಧಕಾಮ್ಲದಲ್ಲಿ ನೆನೆದಿರುತ್ತದೆ. ಒಡೆಯುವಾಗಲೇ ಆ ಮೆತ್ತೆ ಉದುರುತ್ತದೆ, ಆಮ್ಲ ಮಣ್ಣಿಗೆ ಹರಿಯುತ್ತದೆ. ಸೀಸ ಧಾತುವಾದ್ದರಿಂದ ಕೊಳೆಯುವುದಿಲ್ಲ, ಸುಟ್ಟು ನಾಶವಾಗುವುದಿಲ್ಲ. ಒಮ್ಮೆ ಅಂಗಳಕ್ಕೆ ಬಿದ್ದರೆ ಆ ಮನೆಯಲ್ಲಿ ಮುಂದೆ ಹುಟ್ಟುವ ಮಕ್ಕಳಿಗೂ ಅಲ್ಲೇ ಕಾದಿರುತ್ತದೆ.

ದೇಹದೊಳಗೆ ಸೀಸ ಸುಣ್ಣದಂಶದ ವೇಷ ಹಾಕಿಕೊಂಡು ನುಗ್ಗುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತರಲ್ಲೊಂದು ಪಾಲು ಹೀರಿದರೆ, ಎಳೆ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ಊಟದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದ ಮಗು ಇನ್ನೂ ಹೆಚ್ಚು ಹೀರುತ್ತದೆ. ಬಡವರ ಮಗುವಿಗೆ ಹೀಗೆ ಎರಡು ಹೊಡೆತ. ರಕ್ತದಲ್ಲಿ ಸೇರಿದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು. ಮೂಳೆಯಲ್ಲಿ ಕೂತದ್ದು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುತ್ತದೆ. ಬಾಲ್ಯದಲ್ಲಿ ಸೀಸ ಸೇರಿಸಿಕೊಂಡ ಹುಡುಗಿ ಮುಂದೆ ಬಸುರಿಯಾದಾಗ ಮೂಳೆ ಕರಗಿ ಮಗುವಿಗೆ ಸುಣ್ಣದಂಶ ಹೋಗುವಾಗ ಸೀಸವೂ ಜೊತೆಗೆ ಹೋಗುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಸಿಡುಕು, ಕಲಿಕೆಯಲ್ಲಿ ಹಿಂದೆ ಬೀಳುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದಾದರೂ ಇದು ಸೀಸ ಎಂದು ತಾನಾಗಿ ಹೇಳುವುದಿಲ್ಲ. ರಕ್ತ ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಎಚ್ಚರಿಕೆಯ ಗೆರೆಯನ್ನು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂನಿಂದ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಔಷಧಿ ಕೊಟ್ಟು ರಕ್ತದ ಸೀಸವನ್ನು ಇಳಿಸಬಹುದು. ಹೋದ ಬುದ್ಧಿಶಕ್ತಿಯನ್ನು ಮರಳಿ ತರಲಾಗದು.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು: ನಮ್ಮ ಅಜ್ಜ ಜೀವಮಾನವಿಡೀ ಗುಂಡು ಎರಕ ಹೊಯ್ದ, ಎಂಬತ್ತು ವರ್ಷ ಗಟ್ಟಿಯಾಗಿ ಬದುಕಿದ. ಅಜ್ಜ ಬದುಕಿದ್ದು ನಿಜ. ಆದರೆ ಅಜ್ಜ ದೊಡ್ಡವನಾಗಿದ್ದ, ವರ್ಷಕ್ಕೆ ಕೆಲವೇ ಸಲ ಬಯಲಿನಲ್ಲಿ ಕರಗಿಸುತ್ತಿದ್ದ. ಅವನ ಮಕ್ಕಳಲ್ಲಿ ಯಾರ ಕಲಿಕೆ ಎಷ್ಟು ಕುಂದಿತೆಂದು ಯಾರೂ ಅಳೆದಿರಲಿಲ್ಲ. ಅಳೆಯದೇ ಇದ್ದದ್ದನ್ನು ಆಗಿಲ್ಲ ಎಂದು ಹೇಳಲು ಬರುವುದಿಲ್ಲ. ಹಾಗೆಯೇ, ತಲೆಮಾರುಗಳಿಂದ ಅಪಾಯವಿಲ್ಲದೆ ನಡೆದಂತೆ ಕಾಣುವ ಕೆಲಸ, ಸೀಸದ ಬೆಲೆ ಏರಿದ ಕೂಡಲೇ, ಗುಜರಿ ಹೆಚ್ಚಾದ ಕೂಡಲೇ ಕೊಲೆಗಡುಕವಾಗಬಹುದು.

ಇದು ಊಹೆಯಲ್ಲ. ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದಲ್ಲಿ ಡಾಕರ್ ನಗರದ ಮಗ್ಗುಲಿಗೆ ಥಿಯಾರೋಯೆ ಎಂಬ ಕಡಲ ತೀರದ ಊರಿದೆ. ಅಲ್ಲಿನ ಕಮ್ಮಾರರು ಹಳೆಯ ಕಾರು ಬ್ಯಾಟರಿಗಳ ಸೀಸ ಕರಗಿಸಿ ಮೀನು ಬಲೆಗೆ ಭಾರ ಮಾಡುತ್ತಿದ್ದರು. ಕಸುಬು ಹಳೆಯದು, ಯಾರೂ ತಪ್ಪೆಣಿಸಿರಲಿಲ್ಲ. ಸೀಸದ ಬೆಲೆ ಏರಿದಾಗ ವ್ಯಾಪಾರಿಗಳು ಬಂದರು. ವರ್ಷಗಟ್ಟಲೆ ಕಿಟ್ಟ ಬಿದ್ದಿದ್ದ ಮರಳಿಗೂ ಬೆಲೆ ಬಂತು. ಹೆಂಗಸರು ಆ ಮರಳನ್ನು ತೋಡಿ, ಮಕ್ಕಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಜರಡಿ ಹಿಡಿದರು. 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ಸತ್ತರು. ಮೊದಮೊದಲು ಕಾರಣವೇ ತಿಳಿಯಲಿಲ್ಲ. ಅಲ್ಲಿ ಯಾರೂ ಗುಂಡು ಮಾಡುತ್ತಿರಲಿಲ್ಲ, ಯಾವ ಶಸ್ತ್ರ ಕಾಯ್ದೆಯೂ ಮುರಿದಿರಲಿಲ್ಲ. ಮಕ್ಕಳನ್ನು ಕೊಂದದ್ದು ಸೀಸ.

ಈಗ ಮೂಕಂಡಪಲ್ಲಿಗೆ ಮರಳೋಣ. ಹೊಸೂರಿನ ಹತ್ತಿರವೇ ಎಕ್ಸೈಡ್ ಕಂಪನಿಯ ದೊಡ್ಡ ಬ್ಯಾಟರಿ ಕಾರ್ಖಾನೆಯಿದೆ. ಸೀಸದೊಂದಿಗೆ ಕೆಲಸ ಮಾಡುವ ಕಾರ್ಖಾನೆಗೆ ನಿಯಮಗಳು ಬಹಳ. ಗಾಳಿಯನ್ನು ಎಳೆದು ಸೋಸುವ ವ್ಯವಸ್ಥೆ ಬೇಕು, ಕೆಲಸದ ಬಟ್ಟೆ ಅಲ್ಲೇ ಬಿಡಬೇಕು, ಊಟದ ಜಾಗ ಬೇರೆ ಇರಬೇಕು, ಕಾರ್ಮಿಕರ ವೈದ್ಯಕೀಯ ತಪಾಸಣೆ ಕಾಲಕಾಲಕ್ಕೆ ಆಗಬೇಕು. 1948ರ ಫ್ಯಾಕ್ಟರಿ ಕಾಯ್ದೆ ಯಾವ ಯಾವ ಕಾಯಿಲೆಗಳನ್ನು ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಪಟ್ಟಿ ಮಾಡಿತೋ ಅದರಲ್ಲಿ ಮೊದಲನೆಯದೇ ಸೀಸದ ವಿಷಬಾಧೆ. ಅಂದರೆ ಸೀಸ ಎಂಥದೆಂದು ಈ ದೇಶಕ್ಕೆ ಮುಕ್ಕಾಲು ಶತಮಾನದಿಂದ ಗೊತ್ತಿದೆ. ಆದರೆ ಆ ತಿಳಿವಳಿಕೆ ಕಾರ್ಖಾನೆಯ ಗೇಟಿನಲ್ಲೇ ನಿಂತುಬಿಟ್ಟಿದೆ. ಗೇಟಿನ ಹೊರಗೆ ಗುಜರಿ ಅಂಗಡಿಯ ಹಿಂದೆ, ಹಳ್ಳಿಯ ಹಿತ್ತಲಲ್ಲಿ, ಅಣೆಕಟ್ಟಿನ ದಡದಲ್ಲಿ ಅದೇ ಲೋಹವನ್ನು ಬರಿಗೈಯಲ್ಲಿ ಕರಗಿಸುವವನಿಗೆ ತಪಾಸಣೆಯೂ ಇಲ್ಲ, ಎಚ್ಚರಿಕೆಯ ಒಂದು ಫಲಕವೂ ಇಲ್ಲ. ಕಾರ್ಖಾನೆಯಲ್ಲಿ ದೊಡ್ಡವರಿಗೆ ಸಲ್ಲುವ ರಕ್ಷಣೆ ಮನೆಯಲ್ಲಿ ಮಕ್ಕಳಿಗೆ ಸಲ್ಲುವುದಿಲ್ಲ. ಇದು ಅನ್ಯಾಯ.

ಸೀಸವನ್ನು ಗೆಲ್ಲಲಾಗದು ಎಂದು ಕೈಚೆಲ್ಲುವ ಅಗತ್ಯವಿಲ್ಲ. ಭಾರತದಲ್ಲಿ ಸೀಸದ ವಿರುದ್ಧ ನಡೆದ ದೊಡ್ಡ ಹೋರಾಟದ ಬೇರು ಇದೇ ಸೀಮೆಯಲ್ಲಿದೆ. ಹೊಸೂರಿನ ಬಳಿಯ ಬಾಲಿಗಾನಪಲ್ಲಿಯಲ್ಲಿ 1997ರಲ್ಲಿ ಬಡ ಮಕ್ಕಳಿಗಾಗಿ ಶಾಂತಿ ಭವನ ಶಾಲೆ ತೆರೆದ ಅಬ್ರಹಾಂ ಜಾರ್ಜ್, ತಮ್ಮ ಜಾರ್ಜ್ ಫೌಂಡೇಶನ್ ಮೂಲಕ ಅದೇ ವರ್ಷಗಳಲ್ಲಿ ಸೀಸದ ಸಮೀಕ್ಷೆಯನ್ನೂ ಕೈಗೆತ್ತಿಕೊಂಡರು. ಏಳು ನಗರಗಳಲ್ಲಿ ಸುಮಾರು 22,000 ಜನರ, ಹೆಚ್ಚಾಗಿ ಮಕ್ಕಳ, ರಕ್ತ ಪರೀಕ್ಷೆ ನಡೆಯಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆದು ಈ ಅಂಕಿಗಳು ದೇಶದ ಮುಂದೆ ಬಂದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರ ಮುಂದಾಳುತನದಲ್ಲಿ ಸೀಸದ ವಿಷಬಾಧೆಗಾಗಿಯೇ ರಾಷ್ಟ್ರೀಯ ಕೇಂದ್ರವೊಂದು ಕೆಲಸ ಮಾಡಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮುಂಬೈಯಲ್ಲಿ ಅದಕ್ಕೆ ಮುನ್ನ ಪರೀಕ್ಷಿಸಿದ ಮಕ್ಕಳಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ಆ 10 ಮೈಕ್ರೋಗ್ರಾಂ ಗೆರೆ ದಾಟಿದ್ದರೆ, ಆಮೇಲೆ ನಡೆದ ಅಧ್ಯಯನದಲ್ಲಿ ಅದು ಸುಮಾರು ಮೂರನೇ ಒಂದು ಪಾಲಿಗೆ ಇಳಿದಿತ್ತು. ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ 2016ರಲ್ಲಿ ಬಂತು.

ಈ ಇತಿಹಾಸದ ಪಾಠ ಸ್ಪಷ್ಟ. ಮಕ್ಕಳೇ ಕೈ ತೊಳೆಯಿರಿ ಎಂದು ಹೇಳಿ ಯಾರೂ ಪೆಟ್ರೋಲಿನ ಸೀಸದಿಂದ ಮಕ್ಕಳನ್ನು ಉಳಿಸಲಿಲ್ಲ. ಮೂಲವನ್ನೇ ತೆಗೆದುಹಾಕಿದರು, ಮಕ್ಕಳು ಉಳಿದರು. ಅಳೆದರು, ಆಮೇಲೆ ತೆಗೆದರು. ಆದರೆ ಪೆಟ್ರೋಲಿನ ಸೀಸ ಕೆಲವೇ ತೈಲ ಶುದ್ಧೀಕರಣ ಘಟಕಗಳಿಂದ ಬರುತ್ತಿತ್ತು, ಆದೇಶಗಳೇ ಸಾಕಾದವು. ಹಿತ್ತಲ ಬಾಣಲೆಗಳು ಲೆಕ್ಕವಿಲ್ಲದಷ್ಟು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ. ಜಗತ್ತಿನ ಬಡ ದೇಶಗಳಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿ ಆ ವರದಿ ಎತ್ತಿ ತೋರಿಸಿದ್ದು ಹಳೆಯ ಬ್ಯಾಟರಿಗಳನ್ನು ಅಡ್ಡಾದಿಡ್ಡಿ ಒಡೆದು ಕರಗಿಸುವ ಕೆಲಸವನ್ನು.

ಇನ್ನೊಂದು ಆಕ್ಷೇಪವನ್ನೂ ನ್ಯಾಯವಾಗಿ ಎದುರಿಸಬೇಕು. ಎಚ್ಚರದಿಂದ ಮಾಡಿದರೆ ಆಗದೇ? ಹೊರದೇಶಗಳ ಹವ್ಯಾಸಿಗಳು ಥರ್ಮಾಮೀಟರ್ ಇಟ್ಟು, ಬೇರೆ ಕೊಟ್ಟಿಗೆಯಲ್ಲಿ, ಮುಖಗವಸು ಕೈಗವಸು ಹಾಕಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಎರಕ ಹೊಯ್ಯುವುದಿಲ್ಲವೇ? ಹೌದು, ಅಂಥ ಶಿಸ್ತಿನವರು ಅಲ್ಲಿ ಇದ್ದಾರೆ. ಅವರಲ್ಲಿ ವಿವೇಕಿಗಳು ಎಲ್ಲಕ್ಕಿಂತ ಮೊದಲು ಹೇಳುವ ಮಾತೇ ಅಡುಗೆಮನೆಯಲ್ಲಿ ಬೇಡ, ಮಕ್ಕಳ ಹತ್ತಿರ ಬೇಡ ಎಂದು. ಆ ಶಿಸ್ತಿಗೆ ಜಾಗ ಬೇಕು, ಹಣ ಬೇಕು, ಪರೀಕ್ಷೆ ಮಾಡಿಸಲು ಪ್ರಯೋಗಾಲಯ ಬೇಕು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವಲ್ಲಿ ಬೇರೆ ಕೊಟ್ಟಿಗೆ ಎಲ್ಲಿಂದ ಬರಬೇಕು? ಕಾಯ್ದೆಗೆ ಹೆದರಿ ರಾತ್ರಿ ಬಾಗಿಲು ಮುಚ್ಚಿ ಕರಗಿಸುವವನು ಗಾಳಿಯಾಡಲೆಂದು ಕಿಟಕಿ ತೆರೆಯುತ್ತಾನೆಯೇ? ಕದ್ದು ಮಾಡುವ ಕೆಲಸ ಯಾವತ್ತೂ ಅತ್ಯಂತ ಅಪಾಯದ ರೀತಿಯಲ್ಲೇ ನಡೆಯುತ್ತದೆ. ಕಾಯ್ದೆ ಕಠಿಣವಾದಷ್ಟೂ ಅಪಾಯ ಮನೆಯ ಒಳಕ್ಕೆ ಸರಿಯುತ್ತದೆ. ಹಾಗೆಂದು ಕಾಯ್ದೆ ಸಡಿಲಿಸಿ ಎನ್ನುತ್ತಿಲ್ಲ. ಶಿಕ್ಷೆಯೊಂದೇ ಸಾಲದು ಎನ್ನುತ್ತಿದ್ದೇನೆ.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು, ಅದೇ ಎಲ್ಲಕ್ಕಿಂತ ಭಾರವಾದದ್ದು. ತಳಿ, ಅಂಚೆಟ್ಟಿ ಕಡೆಯ ರೈತ ರಾಗಿ ತೆನೆ ಬಲಿತ ರಾತ್ರಿಗಳಲ್ಲಿ ಆನೆ, ಹಂದಿಗಳಿಗೆ ಹೆದರಿ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂರುತ್ತಾನೆ. ಅವನ ಬೆಳೆನಷ್ಟದ ಪರಿಹಾರ ಬೇಗ ಬರಲಿ, ಸೌರಬೇಲಿ ಕೆಟ್ಟರೆ ಸರಿಮಾಡುವವರು ಇರಲಿ. ಆಗ ಅವನಿಗೆ ಕೋವಿ ಬಿಡು ಎನ್ನುವ ಮಾತಿಗೆ ಬೆಲೆ ಬರುತ್ತದೆ. ಬೀಸುಬಲೆಯವನಿಗೆ ಸೀಸವೇ ಆಗಬೇಕೆಂದೇನಿಲ್ಲ. ಕಬ್ಬಿಣದ ಗುಂಡು, ಸಣ್ಣ ಸರಪಳಿ, ಸುಟ್ಟ ಮಣ್ಣಿನ ಮಣಿ ಇವೆಲ್ಲ ಬಲೆಯನ್ನು ಮುಳುಗಿಸುತ್ತವೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಸೀಸದಷ್ಟು ತೂಕವೂ ಇಲ್ಲ, ನಿಜ. ಆ ಹೆಚ್ಚುವರಿ ಖರ್ಚನ್ನು ಮೀನುಗಾರರ ಸಹಕಾರ ಸಂಘಗಳ ಮೂಲಕ ಸರ್ಕಾರ ಭರಿಸಿದರೆ ಖಜಾನೆ ಬರಿದಾಗುವುದಿಲ್ಲ. ಬ್ಯಾಟರಿಯ ವಿಷಯದಲ್ಲಿ 2001ರ ನಿಯಮಗಳಿಂದ 2022ರ ನಿಯಮಗಳವರೆಗೆ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದೆಂದು ಹೇಳಲಾಗಿದೆ. ಆ ಹೊಣೆ ಕಾಗದದಲ್ಲಿ ಉಳಿಯಬಾರದು. ಅಂಗಡಿಯವನು ಹಳೆಯ ಬ್ಯಾಟರಿಗೆ ಕೊಡುವ ಬೆಲೆ ಹಿತ್ತಲಲ್ಲಿ ಕರಗಿಸುವವನು ಕೊಡುವ ಬೆಲೆಗಿಂತ ಒಂದು ರೂಪಾಯಿಯಾದರೂ ಹೆಚ್ಚಿರಬೇಕು. ಆಗ ಬಾಣಲೆ ತಾನಾಗಿ ಆರುತ್ತದೆ.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಅಳತೆ. ಹೊಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಗುಜರಿ ಅಂಗಡಿಗಳ ನೆರೆಯ ಅಂಗನವಾಡಿಗಳಲ್ಲಿ ಮಕ್ಕಳ ರಕ್ತದ ಸೀಸ ಪರೀಕ್ಷೆ ಉಚಿತವಾಗಿ ಸಿಗಬೇಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಡುವ ದಾದಿ ಮನೆಯಲ್ಲಿ ಸೀಸ ಕರಗಿಸುತ್ತೀರಾ ಎಂದೂ ಕೇಳಬೇಕು, ಕೇಳಿದ್ದಕ್ಕೆ ಸಿಕ್ಕ ಉತ್ತರ ಪೊಲೀಸರಿಗೆ ಹೋಗುವುದಿಲ್ಲವೆಂಬ ಭರವಸೆ ತಾಯಂದಿರಿಗೆ ಇರಬೇಕು. ಎಚ್ಚರಿಕೆಯ ಮಾತು ಕನ್ನಡ, ತೆಲುಗು, ತಮಿಳು ಮೂರರಲ್ಲೂ, ವಲಸೆ ಬಂದವರಿಗೆ ಹಿಂದಿಯಲ್ಲೂ ಇರಬೇಕು. ಗಡಿಸೀಮೆಯಲ್ಲಿ ಒಂದೇ ಭಾಷೆಯ ಫಲಕ ಅರ್ಧ ಊರಿಗೆ ಕುರುಡು. ಅತ್ತಿಬೆಲೆಯ ಈಚೆಗೊಂದು, ಆಚೆಗೊಂದು ಮಾಲಿನ್ಯ ನಿಯಂತ್ರಣ ಮಂಡಳಿಯಿದೆ. ಗುಜರಿ ಲಾರಿಗೆ ಗಡಿ ಅಡ್ಡವಾಗದಿರುವಾಗ ಈ ಎರಡು ಮಂಡಳಿಗಳಿಗೂ ಅದು ಅಡ್ಡವಾಗಬಾರದು. ಇನ್ನು ನಾಡಕೋವಿ ಒಪ್ಪಿಸಲು ಕರೆ ಕೊಡುವಾಗ, ಅಚ್ಚು, ಬಾಣಲೆ, ಉಳಿದ ಸೀಸವನ್ನೂ ತನ್ನಿ ಎಂದು ಕರೆಯಿರಿ. ತಂದವನನ್ನು ಅಪರಾಧಿಯಂತೆ ನೋಡದೆ, ಅವನ ಮಕ್ಕಳ ರಕ್ತ ಪರೀಕ್ಷೆಗೆ ಅಲ್ಲೇ ಚೀಟಿ ಬರೆದುಕೊಡಿ.

ಗುಂಡು ಯಾರಿಗೆ ತಾಕಿತೆಂದು ತನಿಖೆ ಮಾಡುವ ರಾಜ್ಯಕ್ಕೆ, ಅದನ್ನು ಎರಕ ಹೊಯ್ದ ಮನೆಯ ಮಗುವಿಗೆ ಏನಾಯಿತೆಂದು ವಿಚಾರಿಸುವ ಹೊಣೆಯೂ ಇದೆ. ಪೆಟ್ರೋಲಿನ ಸೀಸವನ್ನು ಅಳೆದು ತೆಗೆದವರು ನಾವು. ಬಾಣಲೆಯ ಸೀಸವನ್ನೂ ಅಳೆದು ತೆಗೆಯಬಲ್ಲೆವು. ಕೃಷ್ಣಗಿರಿ ಜಿಲ್ಲಾಡಳಿತ ಮುಂದಿನ ಸಲ ಕೋವಿ ಒಪ್ಪಿಸಲು ಕೊಡುವ ಪ್ರಕಟಣೆಯಲ್ಲೇ ಅಚ್ಚು, ಬಾಣಲೆ, ಸೀಸವನ್ನೂ ತನ್ನಿ ಎಂಬ ಒಂದು ಸಾಲು ಸೇರಿಸಿ ಕೆಲಸ ಶುರುಮಾಡಬಹುದು.